ನಿಲ್ಲದೆ ನಡೆದ ದಿನಗಳು

ಹೊಳೆಯ ದಂಡೆಯ ಮೇಲೊಂದು ಆಶ್ರಮ. ನಾಲ್ಕು ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲಿ ಬೇವಿನ ಮರ. ಅಲ್ಲಿ ನಿರುಪಾದಿ ಅಜ್ಜ ಇದ್ದರು.

ಕಾವಿ ಉಡುವ ಮುಂಚೆ ಅಜ್ಜ ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದವರು. ತಂತಿ ಯಾವ ಊರಿನ ಹತ್ತಿರ ಕಡಿದಿದೆ ಎಂಬುದನ್ನು ಕಿವಿಗೊಟ್ಟು ಕೇಳಿಯೇ ಹೇಳುತ್ತಿದ್ದರಂತೆ.

ಮೌನೇಶ ಅವರ ಶಿಷ್ಯ. ತಾಲ್ಲೂಕಿನ ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದವನು. ಮೂವತ್ತು ದಾಟಿದ ಮೇಲೆ ಯಾವುದರಲ್ಲೂ ಮನಸ್ಸು ನಿಲ್ಲದಾಯಿತು. ಅಂಗಡಿಯನ್ನು ತಮ್ಮನಿಗೆ ಬಿಟ್ಟು ಆಶ್ರಮಕ್ಕೆ ಬಂದ.

"ನನಗ ಒಂದು ಜಪ ಕಲಸ್ರಿ, ಅಜ್ಜಾರ," ಎಂದ.

ಅಜ್ಜ ಅವನಿಗೆ ಒಂದು ವೆಬ್‌ಸೈಟ್ ಕೊಟ್ಟರು.

ಅದು ಹೊಳೆಯ ನೀರಿನ ವೆಬ್‌ಸೈಟ್. ಇಪ್ಪತ್ತು ಕಿಲೋಮೀಟರ್ ಮೇಲೆ ಒಂದು ಅಣೆಕಟ್ಟು ಇತ್ತು. ಅಲ್ಲಿ ಗೇಟು ಎತ್ತಿದರೆ ಎರಡು ತಾಸಿನಲ್ಲಿ ನೀರು ಇಲ್ಲಿಗೆ ಬರುತ್ತಿತ್ತು. ಇಲ್ಲಿ ಬಿಸಿಲು ಕಾಯುತ್ತಿದ್ದರೂ ಬರುತ್ತಿತ್ತು. ಅಲ್ಲಿನ ಸೈರನ್ ಇಷ್ಟು ದೂರ ಕೇಳುತ್ತಿರಲಿಲ್ಲ. ಹರಿಗೋಲು ಹಾಕುವವರಿಗೆ, ಬಲೆ ಬೀಸುವವರಿಗೆ, ಉಸುಕಿನ ದಿಬ್ಬದಲ್ಲಿ ಸೌತೆಬಳ್ಳಿ ಹಬ್ಬಿಸುವವರಿಗೆ ಗೊತ್ತಾಗುವಷ್ಟರಲ್ಲಿ ನೀರು ಸೊಂಟಕ್ಕೆ ಬಂದಿರುತ್ತಿತ್ತು.

ಎಷ್ಟು ನೀರು ಬಿಟ್ಟಿದೆ ಎಂಬ ಅಂಕಿ ಅಣೆಕಟ್ಟಿನಿಂದ ಅರ್ಧ ತಾಸಿಗೊಮ್ಮೆ ಬರುತ್ತಿತ್ತು. ಆಶ್ರಮದ ಹಿಂದಿನ ಕೋಣೆಯಲ್ಲಿದ್ದ ಸರ್ವರ್ ಅದನ್ನು ತೆಗೆದುಕೊಂಡು ಪುಟದ ಮೇಲೆ ಹಾಕುತ್ತಿತ್ತು. ನೀರು ಕಡಿಮೆಯಿದ್ದರೆ ಪುಟವೆಲ್ಲ ಹಸಿರು. ಹೆಚ್ಚಾದರೆ ಕೆಂಪು. ಯಾರ ಫೋನಿನಲ್ಲಿ ಬೇಕಾದರೂ ನೋಡಬಹುದು.

"ಇದು ನಿನ್ನ ಜಪ," ಎಂದರು ಅಜ್ಜ. "ನಿಂತರ ಯಾಕ ನಿಂತಿತು ಅಂತ ನೋಡು. ನಿಂತೈತಿ ಅಂತ ಮಂದಿಗೆ ಹೇಳು."

"ಅಷ್ಟೇನ್ರಿ?"

"ಅಷ್ಟೇ. ಎರಡನೇದು ಕಷ್ಟ ಐತಿ."

ಮೊದಲ ವರ್ಷ ಅದು ಮೇಲಿಂದ ಮೇಲೆ ನಿಂತಿತು.

ಒಂದು ದಿನ ಕರೆಂಟ್ ಹೋಯಿತು. ಬ್ಯಾಟರಿ ಕಾಲು ತಾಸೂ ತಾಳಲಿಲ್ಲ.

"ಯಾಕ ನಿಂತಿತು?"

"ಕರೆಂಟ್ ಹೋತರಿ."

"ಕರೆಂಟ್ ಅವರ ಕೈಯಾಗ ಐತಿ. ಬ್ಯಾಟರಿ ಯಾರ ಕೈಯಾಗ ಐತಿ?"

ಮೌನೇಶ ತಲೆ ತಗ್ಗಿಸಿದ. ಆರು ತಿಂಗಳಿಂದ ಅವನು ಬ್ಯಾಟರಿಗೆ ನೀರು ಹಾಕಿರಲಿಲ್ಲ.

ಇನ್ನೊಮ್ಮೆ ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ ಕಡಿದುಹಾಕಿತು. ಮೌನೇಶ ಸಿಟ್ಟಿನಿಂದ ಹೊರಟ. ಅಜ್ಜ ತಾವೂ ಬಂದರು. ಜೆಸಿಬಿ ಓಡಿಸುವವನಿಗೆ ಚಹಾ ಕುಡಿಸಿದರು. ಆಮೇಲೆ ಕೇಬಲ್ ನೆಲದೊಳಗೆ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ಮೌನೇಶನ ಕೈಯಿಂದ ಸುಣ್ಣದ ಗೆರೆ ಹಾಕಿಸಿದರು.

ಮಳೆಗಾಲದಲ್ಲಿ ಮೊದಲ ಸಲ ಕೆಂಪು ಬಂದ ದಿನ, ಎರಡೂ ದಂಡೆಯ ಹಳ್ಳಿಗಳ ಜನ ಒಟ್ಟಿಗೆ ಪುಟ ನೋಡಲು ಹೋದರು. ಸರ್ವರ್ ತಾಳಲಾರದೆ ಮಲಗಿತು.

"ದಿನಾ ಐವತ್ತು ಮಂದಿ ನೋಡ್ತಿದ್ರರಿ. ಇವತ್ತು ಐದು ಸಾವಿರ ಬಂದ್ರ ನಾ ಏನ್ ಮಾಡ್ಲಿ?"

"ಐದು ಸಾವಿರ ಮಂದಿ ಬರೋ ದಿನಕ್ಕಂತನ ಅಲ್ಲೇನು ಇದನ್ನ ಮಾಡಿದ್ದು?"

ಮತ್ತೊಮ್ಮೆ, ಇದು ಅಸಲಿ ಪುಟವೇ ಎಂದು ಫೋನಿಗೆ ತೋರಿಸುವ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಪುಟ ತೆರೆಯಲು ಹೋದರೆ, ಇದನ್ನು ನಂಬಬೇಡಿ ಎಂದು ಫೋನೇ ಅಡ್ಡ ನಿಲ್ಲುತ್ತಿತ್ತು. ಅಂದು ಅಜ್ಜ ನಕ್ಕರು.

"ನಾನೇ ನಾನು ಅಂತ ಆಗಾಗ ಹೇಳ್ಕೋತ ಇರಬೇಕಪ್ಪಾ. ಇಲ್ಲಂದ್ರ ಫೋನ್ ಸೈತ ಗುರುತು ಹಿಡಿಯಂಗಿಲ್ಲ."

ಒಂದು ಸಲ ಮೌನೇಶನೇ ಕಾರಣ. ಊಟಕ್ಕೆ ಏಳುವ ಅವಸರದಲ್ಲಿ ಪ್ರೋಗ್ರಾಮಿನ ಒಂದು ಸಾಲು ಬದಲಿಸಿ, ಹೇಗಾಯಿತೆಂದು ನೋಡದೆ ಎದ್ದುಹೋಗಿದ್ದ. ಅಜ್ಜ ಬೈಯಲಿಲ್ಲ. ಅವನ ಊಟದ ಗಂಗಾಳವನ್ನು ಎತ್ತಿ ತಂದು ಸರ್ವರಿನ ಮುಂದೆ ಇಟ್ಟರು.

"ಏನರ ಬದಲ ಮಾಡಿದ ದಿನ ಇಲ್ಲೇ ಉಣ್ಣು," ಎಂದರು.

ಹೀಗೆ ಮೌನೇಶ ಒಂದೊಂದೇ ಕಲಿತ. ನಿಂತದ್ದು ಯಾಕೆ ಎಂದು ಹುಡುಕುವುದರಲ್ಲಿ ಅವನ ಕೈ ಪಳಗಿತು.

ಎರಡನೆಯದೇ ಅವನಿಗೆ ಒಗ್ಗಲಿಲ್ಲ.

ನಿಂತಾಗಲೆಲ್ಲ ಅವನು ಹರಿಗೋಲು ಕಟ್ಟುವ ಜಾಗಕ್ಕೆ ನಡೆದುಹೋಗಿ ಹೇಳಬೇಕಿತ್ತು. ಅಲ್ಲಿ ಯಾವಾಗಲೂ ಹತ್ತು ಹನ್ನೆರಡು ಜನ ಇರುತ್ತಿದ್ದರು. ಅವನು ದೂರದಲ್ಲಿ ಕಂಡರೆ ಸಾಕು, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು.

"ಬಂದ್ರು ನೋಡ್ರಿ. ಇವತ್ತೂ ನಿಂತೈತಿ."

"ಏನ್ರಿ ಮೌನೇಶಣ್ಣ, ನಿಮ್ಮ ಮಷೀನಿಗೆ ವಾರಕ್ಕೆರಡು ಸಲ ನೆಗಡಿ ಏನು?"

ಅವರು ಕೆಟ್ಟ ಮನಸ್ಸಿನಿಂದ ಆಡುತ್ತಿರಲಿಲ್ಲ. ಆದರೂ ಆ ನಗು ಅವನ ಬೆನ್ನಿಗೆ ಅಂಟಿಕೊಂಡು ಆಶ್ರಮದವರೆಗೂ ಬರುತ್ತಿತ್ತು. ಅಲ್ಲಿ ನಗದೆ ಇರುತ್ತಿದ್ದವನು ಹುಸೇನಪ್ಪ ಒಬ್ಬನೇ. ಐವತ್ತರ ಅಂಬಿಗ. ಮಾತು ಕಡಿಮೆ. "ಹೇಳಾಕ ಬಂದ್ರಲ್ಲ, ಚಲೋ ಆತು," ಎಂದು ತನ್ನ ಬುತ್ತಿಯಿಂದ ಒಂದು ಹಿಡಿ ಶೇಂಗಾ ಕೊಡುತ್ತಿದ್ದ.

ಎರಡನೆಯ ವರ್ಷ ಮೌನೇಶ ಒಂದು ಉಪಾಯ ಮಾಡಿದ.

ಪಟ್ಟಣದಲ್ಲಿ ಇನ್ನೊಂದು ಸರ್ವರ್ ಗೊತ್ತುಮಾಡಿದ. ಆಶ್ರಮದ ಸರ್ವರ್ ಪ್ರತಿ ನಿಮಿಷ ತನ್ನ ಪುಟದ ನಕಲು ತೆಗೆದು ಅಲ್ಲಿಗೆ ಕಳಿಸಬೇಕು. ಕಳಿಸಿದ ಮೇಲೆ 'ಎಲ್ಲ ಸರಿ ಇದೆ' ಎಂದು ಬರೆದಿಡಬೇಕು. ಇಲ್ಲಿನದು ನಿಂತರೆ ಅಲ್ಲಿನದು ಕೊನೆಯ ನಕಲನ್ನು ತೋರಿಸುತ್ತದೆ. ನೋಡುವವರಿಗೆ ನಿಂತದ್ದೇ ತಿಳಿಯುವುದಿಲ್ಲ.

ಪುಟದ ಮೇಲೆ, ಈ ಅಂಕಿ ಎಷ್ಟು ಹೊತ್ತಿನದು ಎಂದು ತೋರಿಸುವ ಒಂದು ಸಾಲಿತ್ತು. ಹಳೆಯ ಹೊತ್ತು ಕಂಡರೆ ಜನ ಫೋನ್ ಮಾಡಿ ಕೇಳುತ್ತಿದ್ದರು. ಮೌನೇಶ ಆ ಸಾಲನ್ನು ತೆಗೆದುಹಾಕಿದ. ಅದರ ಜಾಗದಲ್ಲಿ ಬೇರೊಂದು ಸಾಲು ಹಾಕಿದ.

'ನಿಲ್ಲದೆ ನಡೆದ ದಿನಗಳು.' ಮುಂದೆ ಒಂದು ಎಣಿಕೆ.

ಎಣಿಕೆ ಮೂವತ್ತಾಯಿತು. ನೂರಾಯಿತು. ಹರಿಗೋಲಿನ ಕಡೆ ಹೋಗುವ ಕೆಲಸವೇ ಅವನಿಗೆ ಉಳಿಯಲಿಲ್ಲ. ಇನ್ನೂರು ಮುಟ್ಟಿದ ದಿನ ಅಜ್ಜನಿಗೆ ಫೋನ್ ತೋರಿಸಿದ. ಅಜ್ಜ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇನ್ನೂರೇನು?" ಎಂದರು.

"ಹೌದ್ರಿ."

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟರು.

ದಸರೆಗೆ ಇನ್ನು ಎಂಟು ದಿನವಿತ್ತು. ಅಂದು ಒಳ್ಳೆಯ ಬಿಸಿಲು. ಎಲ್ಲೋ ಮೇಲೆ, ಅಣೆಕಟ್ಟಿನ ಆಚೆಯ ಬೆಟ್ಟಗಳಲ್ಲಿ, ಎರಡು ದಿನದಿಂದ ಮಳೆ ಸುರಿಯುತ್ತಿತ್ತು.

ಹನ್ನೊಂದು ಗಂಟೆಗೆ ಗೇಟು ಎತ್ತಿದರು. ಅಣೆಕಟ್ಟಿನಿಂದ ಅಂಕಿ ಹೊತ್ತಿಗೆ ಸರಿಯಾಗಿ ಬಂತು.

ಮಧ್ಯಾಹ್ನ ಒಂದೂವರೆ ಇರಬೇಕು. ಮೌನೇಶ ಉಂಡು ಕೈ ತೊಳೆಯುತ್ತಿದ್ದ. ಹೊಳೆಯ ಸದ್ದು ಬೇರೆಯಾಗಿ ಕೇಳಿಸಿತು. ಅಭ್ಯಾಸದಂತೆ ಫೋನ್ ತೆಗೆದು ನೋಡಿದ. ಹಸಿರು.

ತಲೆಯೆತ್ತಿ ಹೊಳೆಯನ್ನು ನೋಡಿದ. ಆಶ್ರಮದ ಮೆಟ್ಟಿಲುಗಳಲ್ಲಿ ಹನ್ನೊಂದು ಮುಳುಗಿದ್ದವು. ಕೆಂಪು ಮಣ್ಣಿನ ನೀರು ಒಂದು ಇಡೀ ಗಿಡವನ್ನು ತಿರುಗಿಸುತ್ತ ಒಯ್ಯುತ್ತಿತ್ತು.

ಅವನು ಮತ್ತೆ ಫೋನ್ ನೋಡಿದ. ಹಸಿರು. ಕೆಳಗೆ ಎಣಿಕೆ ಹಾಗೇ ಇತ್ತು. ಇನ್ನೂರ ಹನ್ನೊಂದು.

ಹಿಂದಿನ ಕೋಣೆಗೆ ಓಡಿದ. ಸರ್ವರ್ ಹತ್ತು ನಲವತ್ತಕ್ಕೇ ನಿಂತುಹೋಗಿತ್ತು. ಡಿಸ್ಕ್ ತುಂಬಿತ್ತು. ಹೊಸದೊಂದು ಅಂಕಿ ಬರೆದುಕೊಳ್ಳಲೂ ಅದರಲ್ಲಿ ಜಾಗವಿರಲಿಲ್ಲ. ಏನು ತುಂಬಿದೆ ಎಂದು ತೆರೆದು ನೋಡಿದ. ಪ್ರತಿ ನಿಮಿಷದ ನಕಲು, ನಕಲಿನ ಕೆಳಗೆ ಒಂದೇ ಮಾತು. ಎಲ್ಲ ಸರಿ ಇದೆ. ಎಲ್ಲ ಸರಿ ಇದೆ. ಲಕ್ಷಗಟ್ಟಲೆ ಸಾಲು. ಹಳೆಯವನ್ನು ಅಳಿಸುವ ವ್ಯವಸ್ಥೆ ಮಾಡುವುದನ್ನು ಅವನು ಮರೆತಿದ್ದ.

ಅಳಿಸಿದ. ಸರ್ವರ್ ಎದ್ದಿತು. ಪುಟ ಕೆಂಪಾಯಿತು. ಎಲ್ಲ ಸೇರಿ ನಾಲ್ಕು ನಿಮಿಷದ ಕೆಲಸ.

ಅಷ್ಟರಲ್ಲಿ ಹೊಳೆಯ ಕಡೆಯಿಂದ ಜನ ಕೂಗುವುದು ಕೇಳಿಸಿತು.

ಹುಸೇನಪ್ಪ ಒಂದು ಗಂಟೆಗೆ ಸ್ವಲ್ಪ ಮೊದಲು ಮೂವರು ಹೆಂಗಸರನ್ನು ಆಚೆ ದಂಡೆಗೆ ಬಿಟ್ಟಿದ್ದ. ಕಳೆ ತೆಗೆಯಲು ಹೋದವರು. ತಾನೊಬ್ಬನೇ ಹರಿಗೋಲು ತಿರುಗಿಸಿಕೊಂಡು ಹೊರಟಿದ್ದ. ನಡುಹೊಳೆಯಲ್ಲಿ ನೀರು ಅವನನ್ನು ಹಿಡಿಯಿತು. ಆಚೆ ದಂಡೆಯ ಹೆಂಗಸರು ನೋಡುತ್ತಲೇ ಇದ್ದರು. ಹರಿಗೋಲು ಮೂರು ಸುತ್ತು ತಿರುಗಿತಂತೆ. ಆಮೇಲೆ ಬರೀ ಹರಿಗೋಲು ಕಂಡಿತಂತೆ.

ಮೂರನೆಯ ದಿನ, ನಾಲ್ಕು ಹಳ್ಳಿ ಕೆಳಗೆ, ಬಂಡೆಗಳ ಸಂದಿಯಲ್ಲಿ ಹುಸೇನಪ್ಪ ಸಿಕ್ಕ. ಅಂದೇ ಮಣ್ಣು ಮಾಡಿದರು.

ಮೌನೇಶ ಮಣ್ಣಿಗೆ ಹೋಗಿ ಹಿಂದೆ ನಿಂತಿದ್ದ. ಅಲ್ಲಿ ಯಾರೋ ಹೇಳುತ್ತಿದ್ದರು.

"ಮೂವತ್ತು ವರ್ಷ ಹರಿಗೋಲು ಹಾಕಿದಾಂವ. ನೀರು ಬರೋದು ತಿಳಿಲಿಲ್ಲ ಅಂದ್ರ, ಕುಡದಿರಬೇಕು."

ಕೇಳಿದವರು ಹೌದೆಂದು ತಲೆಯಾಡಿಸಿದರು. ಸಂಜೆಯ ಹೊತ್ತಿಗೆ ಊರೆಲ್ಲ ಅದೇ ಮಾತಾಯಿತು.

ಸರ್ವರ್ ನಿಂತದ್ದು ಮೌನೇಶನನ್ನು ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಗುರುತೆಲ್ಲ ಅಳಿಸಿಹೋಗಿತ್ತು. ಕೂಗು ಕೇಳಿ ಫೋನ್ ತೆಗೆದವರಿಗೆ ಕೆಂಪೇ ಕಂಡಿತ್ತು. ಪುಟದಲ್ಲಿ ಎಣಿಕೆ ಇನ್ನೂರ ಹದಿಮೂರು ಎನ್ನುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಅಜ್ಜನ ಮುಂದೆ ಬಂದು ಕುಳಿತ. ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಅಜ್ಜ ವಿಭೂತಿ ಹಚ್ಚಿಕೊಳ್ಳುತ್ತಿದ್ದರು.

"ಅಜ್ಜಾರ, ಅವತ್ತು ನಿಂತಿತ್ತರಿ."

ಅಜ್ಜನ ಕೈ ಹಣೆಯ ಹತ್ತಿರ ನಿಂತಿತು.

"ಯಾಕ ನಿಂತಿತು?"

"ಡಿಸ್ಕ್ ತುಂಬಿತ್ತರಿ."

"ಏನು ತುಂಬಿತ್ತು?"

"ಎಲ್ಲಾ ಸರಿ ಐತಿ ಅಂತ ಬರದಿದ್ದು."

ಅಜ್ಜ ಕೈಯನ್ನು ಕೆಳಗಿಳಿಸಿದರು.

"ಮಂದಿಗೆ ಹೇಳಿದೇನು?"

"ಇಲ್ಲರಿ. ನಿಂತಿದ್ದು ನನಗ ಸೈತ ಗೊತ್ತಾಗಲಿಲ್ಲ. ಯಾರಿಗೂ ಗೊತ್ತಾಗಬಾರದು ಅಂತ ನಾನೇ ಮಾಡಿದ್ದೆ."

"ಯಾಕ?"

ಮೌನೇಶ ನೆಲ ನೋಡುತ್ತ ಹೇಳಿದ. "ಅಲ್ಲಿ ಹೋಗಿ ಹೇಳಾಕ ನಾಚಿಕಿ ಬರ್ತಿತ್ತರಿ."

ಬೇವಿನ ಮರದಲ್ಲಿ ಹಕ್ಕಿಗಳು ಗದ್ದಲ ಮಾಡುತ್ತಿದ್ದವು. ಅಜ್ಜ ಅವುಗಳ ಕಡೆ ನೋಡಿದರು.

"ಊರಾಗ ಏನಂತಾರ?"

"ಹುಸೇನಪ್ಪ ಕುಡದಿದ್ದ ಅಂತಾರ."

"ಕುಡೀತಿದ್ದನೇನು?"

"ಇಲ್ಲರಿ. ಯಾವತ್ತೂ ಇಲ್ಲ."

ಅಜ್ಜ ಕೋಲು ಹಿಡಿದು ಎದ್ದರು. ಅವರ ಮೊಣಕಾಲು ಹೋಗಿ ವರ್ಷವಾಗಿತ್ತು. ಅಂಗಳ ದಾಟಿ ಅವರು ಎಲ್ಲೂ ಹೋಗುತ್ತಿರಲಿಲ್ಲ.

"ನಡಿ," ಎಂದರು.

"ಎಲ್ಲಿಗ್ರಿ?"

ಅಜ್ಜ ಆಗಲೇ ಮೆಟ್ಟಿಲು ಇಳಿಯುತ್ತಿದ್ದರು.

ಹುಸೇನಪ್ಪನ ಮನೆ ಅಂಬಿಗರ ಓಣಿಯ ಕೊನೆಯಲ್ಲಿತ್ತು. ಅಷ್ಟು ದೂರ ನಡೆಯಲು ಅಜ್ಜನಿಗೆ ಮುಕ್ಕಾಲು ತಾಸು ಬೇಕಾಯಿತು. ನಾಲ್ಕು ಕಡೆ ಕುಳಿತರು. ಮೌನೇಶ ತೋಳು ಹಿಡಿಯಲು ಹೋದರೆ ಬಿಡಿಸಿಕೊಂಡರು.

ಮನೆಯ ಮುಂದೆ ನೆಂಟರು ಕುಳಿತಿದ್ದರು. ಹುಸೇನಪ್ಪನ ಅಣ್ಣ ಎದ್ದು ಅಜ್ಜನಿಗೆ ಕಂಬಳಿ ಹಾಸಿದ. ಹೆಂಡತಿ ಹಂಪವ್ವ ಒಳಗಿನ ಹೊಸ್ತಿಲ ಹತ್ತಿರ ಗೋಡೆಗೆ ಒರಗಿದ್ದಳು. ಅಜ್ಜನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಅಳಲಿಲ್ಲ. ಅಳು ಮುಗಿದ ಮುಖವಾಗಿತ್ತು ಅದು.

ಅಜ್ಜ ಕುಳಿತರು. ಮೌನೇಶನ ಕಡೆ ನೋಡಿದರು. ಎಲ್ಲರೂ ಕಾದರು.

ಇನ್ನು ಹೇಳಬೇಕಾದವನು ತಾನೇ ಎಂದು ಮೌನೇಶನಿಗೆ ತಿಳಿಯಿತು.

"ಯವ್ವಾ," ಎಂದ. "ನೀರಿನ ಪುಟ ನೋಡೋನು ನಾನು."

"ಗೊತ್ತೈತ್ರಿ," ಎಂದಳು ಹಂಪವ್ವ. "ಶೇಂಗಾ ಕೊಟ್ಟೆ ಅಂತ ಹೇಳ್ತಿದ್ರು ನಿಮ್ಮ ಹೆಸರು."

ಮೌನೇಶ ಆದರೂ ಹೇಳಿದ. ಸರ್ವರ್ ನಿಂತದ್ದು ಹೇಳಿದ. ನಿಂತರೂ ಗೊತ್ತಾಗದ ಹಾಗೆ ತಾನೇ ಮಾಡಿಟ್ಟದ್ದು ಹೇಳಿದ. ಹೊತ್ತು ತೋರಿಸುವ ಸಾಲನ್ನು ತೆಗೆದದ್ದು ಹೇಳಿದ. ಆ ದಿನ ಹತ್ತು ನಲವತ್ತರಿಂದ ಒಂದೂವರೆವರೆಗೂ ಪುಟ ತೋರಿಸಿದ್ದು ಸುಳ್ಳು ಎಂದ.

"ಸುಳ್ಳು ಅಂದ್ರ?" ಎಂದಳು ಹಂಪವ್ವ.

"ನೀರು ಬಿಟ್ಟಿದ್ರು. ಅದು ಬಿಟ್ಟಿಲ್ಲ ಅಂತ ತೋರಿಸ್ತಿತ್ತು."

"ಅವರಿಗೆ ಓದಾಕ ಬರ್ತಿದ್ದಿಲ್ಲ," ಎಂದಳು ಅವಳು. "ಬಣ್ಣ ನೋಡ್ತಿದ್ರು. ಯಾವ ಬಣ್ಣ ಇತ್ರಿ?"

"ಹಸರು."

"ಆ ಹೆಣ್ಮಕ್ಕಳು ಹೇಳಿದ್ರು. ಈಚೆ ದಂಡ್ಯಾಗೂ ನೋಡಿದ್ರಂತ, ಆಚೆ ದಂಡ್ಯಾಗೂ ನೋಡಿದ್ರಂತ. ಎರಡು ಸಲ." ಅವಳು ಕೈಯ ಎರಡು ಬೆರಳು ಎತ್ತಿ, ಅವನ್ನೇ ನೋಡಿಕೊಂಡಳು. "ಎರಡು ಸಲನೂ ಹಸರ ಇತ್ತೇನ್ರಿ?"

"ಹೌದವ್ವಾ."

ಆಮೇಲೆ ಅವಳ ಮುಖ ಹುಸೇನಪ್ಪನ ಅಣ್ಣನ ಕಡೆ ತಿರುಗಿತು. ಊರಿನ ಮಾತಿಗೆ ತಲೆಯಾಡಿಸಿದವರಲ್ಲಿ ಅವನೂ ಒಬ್ಬ.

"ಕೇಳಿದ್ರೇನು?" ಎಂದಳು.

ಅವನು ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ.

ಮೌನೇಶನಿಗೆ ಒಂದು ಪ್ರಶ್ನೆ ಉಳಿದಿತ್ತು. ಕೇಳಬಾರದು ಎಂದುಕೊಂಡ. ಆದರೆ ಕೇಳದೆ ಅಲ್ಲಿಂದ ಏಳುವುದು ಅವನಿಂದ ಆಗಲಿಲ್ಲ.

"ಯವ್ವಾ, ಅವತ್ತು ಫೋನಿನ್ಯಾಗ ಏನೂ ಕಾಣದಿದ್ರ ಅವರು ಏನ್ ಮಾಡ್ತಿದ್ರು?"

"ಏನ್ ಮಾಡ್ತಿದ್ರು ಅಂದ್ರ? ದಂಡೀ ಮ್ಯಾಲ ಕುಂದರ್ತಿದ್ರು. ನೀವು ನಿಂತೈತಿ ಅಂತ ಹೇಳಾಕ ಬರ್ತಿದ್ರಲ್ಲ, ಆ ದಿನ ಎಲ್ಲಾ ಕುಂತೇ ಇರ್ತಿದ್ರು. ಮಧ್ಯಾಹ್ನನ ಮನಿಗೆ ಬಂದುಬಿಡ್ತಿದ್ರು. ನಾ ಬೈತಿದ್ದೆ."

ಅವಳ ದನಿ ಅಲ್ಲಿ ಒಡೆಯಿತು.

"ಬಿಸಿ ರೊಟ್ಟಿ ಹಾಕು, ಇವತ್ತು ಮೌನೇಶಣ್ಣನ ಸೂಟಿ ಅಂತಿದ್ರು."

ಮೌನೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಯಾರೂ ಅವನನ್ನು ಸಮಾಧಾನ ಮಾಡಲಿಲ್ಲ. ಯಾರೂ ಬೈಯಲೂ ಇಲ್ಲ. ಒಳಗೆ ಯಾರೋ ನೀರು ತರಲು ಎದ್ದ ಸದ್ದಾಯಿತು.

"ನೀವು ಹೋಗ್ರಿ," ಎಂದಳು ಹಂಪವ್ವ ಕೊನೆಗೆ. "ನಿಮಗ ನಾ ಏನಂತ ಅನ್ನಲಿ. ಇವತ್ತ ನನ್ನ ಕಡೆ ಏನೂ ಇಲ್ಲ."

ಹಿಂದಿರುಗುವಾಗ ಅಜ್ಜ ಅವನ ತೋಳು ಹಿಡಿದುಕೊಂಡರು. ಹೊಳೆ ಇಳಿದಿತ್ತು. ದಂಡೆಯ ಉದ್ದಕ್ಕೂ ಕೆಸರು ಬಿರಿಯುತ್ತಿತ್ತು.

"ನಾ ಇನ್ನು ಅದನ್ನ ಮುಟ್ಟಂಗಿಲ್ಲರಿ," ಎಂದ ಮೌನೇಶ. "ಬಂದ್ ಮಾಡಿಬಿಡ್ತೀನಿ. ಮೊದಲು ಅದಿಲ್ಲದನ ಮಂದಿ ಬದುಕ್ತಿದ್ರು."

"ಮೊದಲು ಅದಿಲ್ಲದನ ಮಂದಿ ಸಾಯ್ತಿದ್ರು. ನಾ ಎಣಿಸೀನಿ."

ಅವರು ಒಂದು ಕಲ್ಲಿನ ಮೇಲೆ ಕುಳಿತರು.

"ಇನ್ನೂರು ಆದ ದಿನ ನೀ ನನಗ ತೋರಿಸಿದಿ," ಎಂದರು. "ಮೂವತ್ತು ವರ್ಷ ತಂತಿ ಕೆಲಸ ಮಾಡೀನಿ. ಇನ್ನೂರು ದಿನ ನಿಲ್ಲದಂಥದ್ದು ಯಾವುದೂ ನಾ ಕಂಡಿದ್ದಿಲ್ಲ. ಹೆಂಗ ನಿಲ್ಲಲಿಲ್ಲ ಅಂತ ನಿನ್ನ ಕೇಳಬೇಕಿತ್ತು. ಕೇಳಲಿಲ್ಲ."

"ಯಾಕ್ರಿ?"

"ನನ್ನ ಶಿಷ್ಯ ಅಂತ ಖುಷಿ ಆತು."

ಮೌನೇಶ ಅಜ್ಜನ ಮುಖ ನೋಡಿದ. ಆ ಮುಖ ಒಂದೇ ಬೆಳಗಿನಲ್ಲಿ ಬಹಳ ಹಳತಾಗಿತ್ತು.

ಆ ವಾರ ಮೌನೇಶ ಪಟ್ಟಣದ ನಕಲನ್ನು ತೆಗೆದುಹಾಕಿದ. ಎಣಿಕೆಯನ್ನು ತೆಗೆದುಹಾಕಿದ. ಅಂಕಿಯ ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಮತ್ತೆ ಹಾಕಿದ. ಪಟ್ಟಣದ ಸರ್ವರಿಗೆ ಬೇರೆ ಕೆಲಸ ಕೊಟ್ಟ. ಅರ್ಧ ತಾಸಿನ ಅಂಕಿ ಬರದಿದ್ದರೆ, ಯಾವ ಕಾರಣಕ್ಕೇ ಆಗಲಿ, ಅದು ಒಂದೇ ಮಾತು ತೋರಿಸಬೇಕು. 'ಈಗ ಗೊತ್ತಿಲ್ಲ.'

ಓದಲು ಬಾರದವರಿಗೆ ಯಾವ ಬಣ್ಣ ಎಂಬುದು ಅವನಿಗೆ ಹೊಳೆಯಲಿಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಮತ್ತೆ ಆ ಓಣಿಗೆ ಹೋದ. ಹಂಪವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಕುಳಿತುಕೋ ಎನ್ನಲಿಲ್ಲ. ಅವನು ನಿಂತುಕೊಂಡೇ ಕೇಳಿದ.

ಅವಳು ಮೊರ ಕೆಳಗಿಟ್ಟು ಯೋಚಿಸಿದಳು.

"ಕರೇದು ಮಾಡ್ರಿ," ಎಂದಳು. "ಕರೇದು ಕಂಡ್ರ ಯಾರೂ ನೀರಿಗಿಳಿಯಂಗಿಲ್ಲ."

ಅವನು ಕಪ್ಪು ಮಾಡಿದ. ಮಾಡಿದ ದಿನ ಸರ್ವರಿನ ಮುಂದೆಯೇ ಕುಳಿತು ಉಂಡ.

ಹುಸೇನಪ್ಪನ ಹರಿಗೋಲನ್ನು ಬಂಡೆಗಳಿಂದ ಬಿಡಿಸಿ ತಂದರು. ತೂತು ಮುಚ್ಚಿ ಅವನ ಅಣ್ಣನ ಮಗಳು ದ್ಯಾಮವ್ವ ಹಾಕತೊಡಗಿದಳು. ಊರವರು ಹುಸೇನಪ್ಪನ ಕುಡಿತದ ಮಾತು ಬಿಟ್ಟರು. ಮೌನೇಶನ ಬಗ್ಗೆ ಆಡುವ ಮಾತು ಬೇರೆ ಇತ್ತು. ಅದು ಅವನ ಕಿವಿಗೂ ಬೀಳುತ್ತಿತ್ತು. ಅವನು ಓಣಿಯಲ್ಲಿ ಹಾದುಹೋಗುವುದನ್ನು ಬಿಡಲಿಲ್ಲ. ಹಂಪವ್ವ ಕಂಡರೆ ನಿಲ್ಲುತ್ತಿದ್ದ. ಅವಳು ಕೆಲವೊಮ್ಮೆ ತಲೆಯಾಡಿಸುತ್ತಿದ್ದಳು. ಕೆಲವೊಮ್ಮೆ ಇಲ್ಲ.

ಚಳಿಗಾಲ ಹೋಯಿತು. ಬೇಸಿಗೆ ಹೋಯಿತು. ಮತ್ತೆ ಹೊಳೆಗೆ ಹೊಸ ನೀರು ಬಂತು.

ಆಷಾಢದ ಒಂದು ಮಂಗಳವಾರ, ಸಂತೆಯ ದಿನ, ಬೆಳಿಗ್ಗೆ ಹತ್ತಕ್ಕೆ ಪುಟ ಕಪ್ಪಾಯಿತು.

ಮೌನೇಶ ಹರಿಗೋಲಿನ ಜಾಗಕ್ಕೆ ನಡೆದ. ಆಚೆ ದಂಡೆಯ ಸಂತೆಗೆ ಹೊರಟ ಜನ ಅಲ್ಲಿ ತುಂಬಿದ್ದರು. ಉಳ್ಳಾಗಡ್ಡಿ ಚೀಲ, ಕೋಳಿ ಬುಟ್ಟಿ, ಮಗುವನ್ನು ಎತ್ತಿಕೊಂಡವರು. ದ್ಯಾಮವ್ವ ಹರಿಗೋಲನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದಳು.

"ನಿಂತೈತ್ರಿ," ಎಂದ ಮೌನೇಶ. "ಯಾಕ ಅಂತ ಇನ್ನೂ ಗೊತ್ತಿಲ್ಲ. ನೀರು ಬಿಟ್ಟಾರೋ ಇಲ್ಲೋ ನನಗ ಗೊತ್ತಿಲ್ಲ."

ಜನ ಗೊಣಗಿದರು. ಸಂತೆ ಹಾಳಾಯಿತು ಎಂದರು. ಇಂಥದೇ ದಿನ ನಿಲ್ಲಬೇಕೇ ಎಂದರು. ಒಬ್ಬ ಹೊಳೆಯನ್ನು ತೋರಿಸಿ, ನೀರು ಎಷ್ಟು ತಣ್ಣಗೆ ಹರಿಯುತ್ತಿದೆ ನೋಡು, ದಾಟಿಸು ಎಂದ. ದ್ಯಾಮವ್ವ ಫೋನ್ ಎತ್ತಿ ಅವನ ಮುಖದ ಮುಂದೆ ಹಿಡಿದಳು. ಆಮೇಲೆ ಮತ್ತೆ ಹರಿಗೋಲಿನ ಮೇಲೆ ಕುಳಿತಳು. ಅವನು ಚೀಲ ಇಳಿಸಿದ.

ಮೌನೇಶ ಆಶ್ರಮಕ್ಕೆ ಓಡಿಬಂದ. ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಕುಳಿತು ಒಂದೊಂದೇ ನೋಡತೊಡಗಿದ. ಕರೆಂಟ್ ಇತ್ತು. ಡಿಸ್ಕಿನಲ್ಲಿ ಜಾಗವಿತ್ತು. ಕೇಬಲ್ ಬಿಚ್ಚಿದ, ಹಾಕಿದ. ತಪ್ಪು ಗುಂಡಿ ಒತ್ತಿದ. ಮತ್ತೆ ಮೊದಲಿನಿಂದ ಶುರುಮಾಡಿದ. ಬೆವರು ಕಣ್ಣಿಗಿಳಿಯಿತು. ಹೊರಗೆ, ದೂರದಲ್ಲಿ, ಯಾವುದೋ ಮಗು ಅಳುವುದು ಕೇಳಿತು. ಅವನ ಕೈಯಿಂದ ಸ್ಕ್ರೂ ಡ್ರೈವರ್ ಜಾರಿ ಬಿತ್ತು.

ಬಾಗಿಲಲ್ಲಿ ಅಜ್ಜ ನಿಂತಿದ್ದರು. ಯಾವಾಗ ಬಂದರೋ ಅವನಿಗೆ ತಿಳಿಯಲಿಲ್ಲ. ಅವರು ನಿಧಾನಕ್ಕೆ ಗೋಡೆ ಹಿಡಿದು ಅವನ ಪಕ್ಕದಲ್ಲಿ ಕುಳಿತರು. ಬಿದ್ದದ್ದನ್ನು ಎತ್ತಿ ಅವನ ಕೈಗೆ ಕೊಟ್ಟರು. ಕೊಟ್ಟು, ಆ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡರು.

"ಅವಸರ ಬ್ಯಾಡ," ಎಂದರು. "ಇವತ್ತ ಎಲ್ಲಾರೂ ದಂಡೀ ಮ್ಯಾಲ ಅದಾರ."